ಶಿಕ್ಷೆ ಒಂದು, ನ್ಯಾಯಾಲಯ ಯಾವ ಊರಿನದು?

2015ರ ಜುಲೈ 28ರಂದು ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಕಮಿಷನರ್ ರೋಜರ್ ಗುಡೆಲ್ ಒಂದು ತೀರ್ಪು ಕೊಟ್ಟರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಗೆ ವಿಧಿಸಿದ್ದ ನಾಲ್ಕು ಪಂದ್ಯಗಳ ಅಮಾನತು ಸರಿಯಾಗಿಯೇ ಇದೆ, ಅದನ್ನು ಕಡಿಮೆ ಮಾಡಲಾಗದು ಎಂಬುದು ಅದರ ಸಾರ. ಅದೇ ದಿನ ಲೀಗ್‌ನ ವಕೀಲರು ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿರುವ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ಈ ತೀರ್ಪನ್ನು ಊರ್ಜಿತಗೊಳಿಸಿ ಎಂದು ಅರ್ಜಿ ಹಾಕಿದರು. ಮರುದಿನ ಆಟಗಾರರ ಸಂಘ ಸುಮಾರು ಸಾವಿರದ ಆರುನೂರು ಕಿಲೋಮೀಟರ್ ಆಚೆಯ ಮಿನೆಸೋಟ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ, ಇದೇ ತೀರ್ಪನ್ನು ರದ್ದುಮಾಡಿ ಎಂದು ಇನ್ನೊಂದು ದಾವೆ ಹೂಡಿತು.

ಸಾಮಾನ್ಯವಾಗಿ ಸೋತವನು ಕೋರ್ಟಿಗೆ ಹೋಗುತ್ತಾನೆ, ಗೆದ್ದವನು ಮನೆಗೆ ಹೋಗುತ್ತಾನೆ. ಇಲ್ಲಿ ಗೆದ್ದವರೇ ಮೊದಲು ಓಡಿದರು. ಏಕೆಂದರೆ ಯಾರು ಮೊದಲು ಅರ್ಜಿ ಹಾಕುತ್ತಾರೋ ಅವರು ಆರಿಸಿದ ಊರಿನಲ್ಲೇ ವ್ಯಾಜ್ಯ ನಡೆಯುವ ಸಾಧ್ಯತೆ ಹೆಚ್ಚು. ಬ್ರೇಡಿ ತಪ್ಪು ಮಾಡಿದ್ದರೋ ಇಲ್ಲವೋ ಎಂಬ ಚರ್ಚೆಗೂ ಮೊದಲು, ಅದನ್ನು ಎಲ್ಲಿ ಚರ್ಚಿಸಬೇಕು ಎಂಬ ಜಗಳವೇ ನಡೆಯಿತು.

ಪ್ರಕರಣದ ಹಿನ್ನೆಲೆ ಚಿಕ್ಕದು. 2015ರ ಜನವರಿ 18ರಂದು ಇಂಡಿಯಾನಪೊಲಿಸ್ ಕೋಲ್ಟ್ಸ್ ವಿರುದ್ಧ ಪೇಟ್ರಿಯಟ್ಸ್ 45–7ರಿಂದ ಗೆದ್ದ ಪಂದ್ಯದಲ್ಲಿ ಚೆಂಡಿನ ಗಾಳಿ ನಿಯಮಕ್ಕಿಂತ ಕಡಿಮೆ ಇತ್ತು ಎಂಬುದು ಆರೋಪ. ಚದರ ಇಂಚಿಗೆ 12.5ರಿಂದ 13.5 ಪೌಂಡ್ ಒತ್ತಡ ಇರಬೇಕೆಂಬುದು ನಿಯಮ. ಗಾಳಿ ಕಡಿಮೆಯಾದರೆ ಚೆಂಡು ಕೈಗೆ ಹೆಚ್ಚು ಸಿಗುತ್ತದೆ, ಎಸೆಯುವವನಿಗೆ ಅನುಕೂಲ. ಲೀಗ್ ನೇಮಿಸಿದ ವಕೀಲ ಟೆಡ್ ವೆಲ್ಸ್ ಮೇ ತಿಂಗಳಲ್ಲಿ ವರದಿ ಕೊಟ್ಟರು: ತಂಡದ ಇಬ್ಬರು ಸಿಬ್ಬಂದಿ ಬೇಕೆಂದೇ ಗಾಳಿ ತೆಗೆದಿರುವ ಸಂಭವ ಹೆಚ್ಚು, ಬ್ರೇಡಿಗೆ ಇದರ ಅರಿವು ಸ್ಥೂಲವಾಗಿ ಇದ್ದಿರುವ ಸಂಭವವೂ ಹೆಚ್ಚು. ತಂಡಕ್ಕೆ 10 ಲಕ್ಷ ಡಾಲರ್ ದಂಡ ಬಿತ್ತು, ಹೊಸ ಆಟಗಾರರನ್ನು ಆಯ್ದುಕೊಳ್ಳುವ ಎರಡು ಅವಕಾಶಗಳು ಹೋದವು. ಬ್ರೇಡಿಗೆ ನಾಲ್ಕು ಪಂದ್ಯಗಳ ಅಮಾನತು. ಅವರು ಮೇಲ್ಮನವಿ ಸಲ್ಲಿಸಿದರು. ಅದನ್ನು ಕೇಳಿದವರು ಶಿಕ್ಷೆ ಯಾರ ಹೆಸರಿನಲ್ಲಿ ಹೊರಟಿತ್ತೋ ಅದೇ ಕಮಿಷನರ್.

ಪೇಟ್ರಿಯಟ್ಸ್ ತಂಡ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಆಟಗಾರರ ಸಂಘದ ಕಚೇರಿ ವಾಷಿಂಗ್ಟನ್‌ನಲ್ಲಿ. ಹಾಗಿದ್ದ ಮೇಲೆ ಸಂಘದವರು ಮಿನೆಸೋಟಕ್ಕೆ ಹೋಗಿದ್ದೇಕೆ?

ಉತ್ತರಕ್ಕೆ ಅಲ್ಲಿಂದ ನಲವತ್ತು ವರ್ಷ ಹಿಂದೆ ಹೋಗಬೇಕು. ಒಪ್ಪಂದ ಮುಗಿದ ಆಟಗಾರ ಬೇರೆ ತಂಡ ಸೇರಿದರೆ ಹೊಸ ತಂಡ ಹಳೆಯದಕ್ಕೆ ಪರಿಹಾರ ಕೊಡಬೇಕು ಎಂಬ 'ರೋಝೆಲ್ ನಿಯಮ' ಒಂದಿತ್ತು. ಅದರಿಂದಾಗಿ ಆಟಗಾರರು ಹೆಸರಿಗಷ್ಟೇ ಸ್ವತಂತ್ರರು. ಜಾನ್ ಮ್ಯಾಕೀ ಮತ್ತು ಸಂಗಡಿಗರು ಹೂಡಿದ ಮೊಕದ್ದಮೆಯಲ್ಲಿ ಮಿನೆಸೋಟದ ನ್ಯಾಯಾಧೀಶರು ಆ ನಿಯಮ ಕಾನೂನುಬಾಹಿರ ಎಂದರು. ಆ ಪ್ರದೇಶದ ಮೇಲ್ಮನವಿ ನ್ಯಾಯಾಲಯವಾದ ಎಂಟನೇ ಸರ್ಕಿಟ್ 1976ರಲ್ಲಿ ಅದನ್ನು ಎತ್ತಿಹಿಡಿಯಿತು. 1992ರಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಇನ್ನೊಂದು ಮೊಕದ್ದಮೆಯಲ್ಲಿ ಆಟಗಾರರ ಪರ ನಿಂತಿತು. ಆ ವಿಚಾರಣೆ ನಡೆಸಿದ ನ್ಯಾಯಾಧೀಶ ಡೇವಿಡ್ ಡಾಟಿ. ಮುಂದೆ 1993ರ ರಾಜಿ ಒಪ್ಪಂದದ ಉಸ್ತುವಾರಿಯೂ ಅವರಿಗೇ ಬಂತು. ಆಟಗಾರರಿಗೆ ನಿಜವಾದ ಸ್ವಾತಂತ್ರ್ಯ ತಂದ ಒಪ್ಪಂದ ಅದು. ಸುಮಾರು ಎರಡು ದಶಕ ಲೀಗ್‌ನ ದೊಡ್ಡ ತಕರಾರುಗಳೆಲ್ಲ ಡಾಟಿ ಅವರ ಮುಂದೆ ಬಂದವು. ಅವರನ್ನು ಬದಲಿಸಬೇಕೆಂದು ಲೀಗ್ ಕೇಳಿತು, ಸಫಲವಾಗಲಿಲ್ಲ. 2011ರಲ್ಲಿ ಮಾಲೀಕರು ಆಟ ನಿಲ್ಲಿಸಿದಾಗ ಅದನ್ನು ಪ್ರಶ್ನಿಸಿದ ಮೊಕದ್ದಮೆಯೂ ಮಿನೆಸೋಟದಲ್ಲೇ ದಾಖಲಾಯಿತು. ಅದರ ಮೊದಲ ಅರ್ಜಿದಾರರ ಹೆಸರು ಟಾಮ್ ಬ್ರೇಡಿ.

ಅಷ್ಟೇ ಅಲ್ಲ. 2015ರ ಫೆಬ್ರವರಿ 26ರಂದು, ಅಂದರೆ ಬ್ರೇಡಿ ತೀರ್ಪಿಗೆ ಐದೇ ತಿಂಗಳು ಮೊದಲು, ಡಾಟಿ ಇನ್ನೊಂದು ಶಿಸ್ತು ಕ್ರಮವನ್ನು ರದ್ದುಮಾಡಿದ್ದರು. ಮಿನೆಸೋಟ ವೈಕಿಂಗ್ಸ್ ತಂಡದ ಏಡ್ರಿಯನ್ ಪೀಟರ್ಸನ್ ತಮ್ಮ ಪುಟ್ಟ ಮಗನನ್ನು ಹೊಡೆದ ಪ್ರಕರಣವದು. ಹೊಡೆತ ಬಿದ್ದದ್ದು ಒಂದು ನಿಯಮ ಜಾರಿಯಲ್ಲಿದ್ದಾಗ. ಶಿಕ್ಷೆ ಕೊಟ್ಟದ್ದು ಆಮೇಲೆ ಬಂದ, ಹೆಚ್ಚು ಕಠಿಣವಾದ ನಿಯಮದಂತೆ. ಇದು ನ್ಯಾಯವಲ್ಲ ಎಂದರು ಡಾಟಿ. ಪೀಟರ್ಸನ್ ಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ತಪ್ಪಿತಸ್ಥನಿಗೂ ಆ ಹೊತ್ತಿನ ನಿಯಮದಂತೆಯೇ ಶಿಕ್ಷೆಯಾಗಬೇಕು ಎಂಬುದು ಕಾನೂನಿನ ಹಳೆಯ ಮಾತು. ಇದೇ ಮಾತನ್ನು ಬ್ರೇಡಿ ಪರವಾಗಿಯೂ ಹೇಳಬಹುದೆಂದು ಸಂಘ ನಂಬಿತ್ತು. ಅದಕ್ಕೇ ಮಿನೆಸೋಟ.

ಲೀಗ್‌ಗೆ ನ್ಯೂಯಾರ್ಕ್ ಬೇಕಾಗಿದ್ದಕ್ಕೂ ಇಷ್ಟೇ ಗಟ್ಟಿ ಕಾರಣವಿತ್ತು. ಲೀಗ್‌ನ ಕೇಂದ್ರ ಕಚೇರಿ ಅಲ್ಲಿದೆ, ಮೇಲ್ಮನವಿಯ ವಿಚಾರಣೆ ನಡೆದದ್ದು ಅಲ್ಲಿ, ತೀರ್ಪು ಹೊರಟದ್ದೂ ಅಲ್ಲಿಂದ. ಜೊತೆಗೆ ಅಲ್ಲಿನ ಎರಡನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಖಾಸಗಿ ಮಧ್ಯಸ್ಥಿಕೆ ತೀರ್ಪುಗಳನ್ನು ಸುಲಭಕ್ಕೆ ಅಲುಗಿಸುವುದಿಲ್ಲ ಎಂಬ ಹೆಸರಿದೆ.

ಅಮೆರಿಕದ ಕಾನೂನು ಇಂಥ ಸ್ಪರ್ಧೆಗೆ ತಾನಾಗಿ ಎಡೆಮಾಡಿಕೊಟ್ಟಿದೆ. ಆಟಗಾರರ ಸಂಘ ಮತ್ತು ಲೀಗ್ ನಡುವಿನ ಸಾಮೂಹಿಕ ಒಪ್ಪಂದ 1947ರ ಕಾರ್ಮಿಕ ಸಂಬಂಧಗಳ ಕಾಯ್ದೆಯ 301ನೇ ಸೆಕ್ಷನ್ ಕೆಳಗೆ ಬರುತ್ತದೆ. ಸಂಘದ ಮುಖ್ಯ ಕಚೇರಿ ಇರುವ ಜಿಲ್ಲೆಯಲ್ಲಿ ಮಾತ್ರವಲ್ಲ, ಸಂಘದ ಪದಾಧಿಕಾರಿಗಳು ಸದಸ್ಯರ ಪರವಾಗಿ ಕೆಲಸ ಮಾಡುವ ಜಿಲ್ಲೆಗಳಲ್ಲೂ ದಾವೆ ಹೂಡಬಹುದು. ಲೀಗ್‌ನ 32 ತಂಡಗಳು ದೇಶದ ಉದ್ದಗಲಕ್ಕೆ ಹರಡಿವೆ. ಇನ್ನೊಂದೆಡೆ, ಮಧ್ಯಸ್ಥಿಕೆ ತೀರ್ಪನ್ನು ಅದು ಹೊರಟ ಊರಿನ ಕೋರ್ಟಿನಲ್ಲಿ ಊರ್ಜಿತಗೊಳಿಸಬಹುದೆಂದು ಫೆಡರಲ್ ಮಧ್ಯಸ್ಥಿಕೆ ಕಾಯ್ದೆ ಹೇಳುತ್ತದೆ. ಆ ಊರೇ ಆಗಬೇಕೆಂದಿಲ್ಲ, ಬೇರೆ ಯೋಗ್ಯ ಸ್ಥಳವೂ ಆಗಬಹುದು ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಅರ್ಥೈಸಿತು. ಹೀಗೆ ಒಂದೇ ಶಿಕ್ಷೆಗೆ ಹಲವು ಬಾಗಿಲು. ಎರಡು ಬಾಗಿಲಲ್ಲಿ ಎರಡು ಅರ್ಜಿ ಬಿದ್ದರೆ ಮೊದಲು ದಾಖಲಾದದ್ದಕ್ಕೆ ಮನ್ನಣೆ ಎಂಬುದು ನ್ಯಾಯಾಲಯಗಳು ರೂಢಿಸಿಕೊಂಡ ಪದ್ಧತಿ. ಅದಕ್ಕೇ ಒಂದು ದಿನದ ಅಂತರಕ್ಕೂ ಅಷ್ಟು ಬೆಲೆ.

ಮಿನೆಸೋಟದಲ್ಲಿ ಬ್ರೇಡಿ ಅರ್ಜಿ ಹೋದದ್ದು ಡಾಟಿ ಮುಂದಲ್ಲ, ನ್ಯಾಯಾಧೀಶ ರಿಚರ್ಡ್ ಕೈಲ್ ಮುಂದೆ. ಅವರು ಕಾಯಲಿಲ್ಲ. ಜುಲೈ 30ರಂದೇ ಕಡತವನ್ನು ನ್ಯೂಯಾರ್ಕ್‌ಗೆ ಕಳಿಸಿದರು. ಆಟಗಾರ ಇರುವುದು ಮ್ಯಾಸಚೂಸೆಟ್ಸ್‌ನಲ್ಲಿ, ಸಂಘ ವಾಷಿಂಗ್ಟನ್‌ನಲ್ಲಿ, ಲೀಗ್ ಮತ್ತು ತೀರ್ಪು ಎರಡೂ ನ್ಯೂಯಾರ್ಕ್‌ನಲ್ಲಿ. ಹಾಗಿರುವಾಗ ಈ ದಾವೆ ಇಲ್ಲಿಗೆ ಬರಲು ಕಾರಣವೇ ಕಾಣುವುದಿಲ್ಲ ಎಂಬ ಅರ್ಥದ ಮಾತನ್ನು ಆದೇಶದಲ್ಲಿ ಬರೆದರು.

ಲೀಗ್ ಬಯಸಿದ ಊರೇ ಸಿಕ್ಕಿತು. ಆದರೆ ಅಲ್ಲಿನ ನ್ಯಾಯಾಧೀಶ ರಿಚರ್ಡ್ ಬರ್ಮನ್ ಸೆಪ್ಟೆಂಬರ್ 3ರಂದು ಶಿಕ್ಷೆಯನ್ನೇ ರದ್ದುಮಾಡಿದರು! ಇಂಥ ನಡತೆಗೆ ಅಮಾನತು ಆಗಬಹುದೆಂಬ ಮುನ್ಸೂಚನೆ ಆಟಗಾರನಿಗೆ ಇರಲಿಲ್ಲ, ತನಿಖೆಯಲ್ಲಿ ಪಾತ್ರ ವಹಿಸಿದ್ದ ಲೀಗ್‌ನ ವಕೀಲರನ್ನು ಪಾಟೀಸವಾಲಿಗೆ ಒಳಪಡಿಸಲು ಬಿಡಲಿಲ್ಲ, ತನಿಖಾ ಟಿಪ್ಪಣಿಗಳನ್ನು ಕೊಡಲಿಲ್ಲ ಎಂಬುವು ಅವರು ಕೊಟ್ಟ ಕಾರಣಗಳು. ಮಿನೆಸೋಟದ ಪೀಟರ್ಸನ್ ತೀರ್ಪನ್ನೂ ಅವರು ಆಧಾರವಾಗಿ ಬಳಸಿದರು. ಬ್ರೇಡಿ ಆ ವರ್ಷ ಪೂರ್ತಿ ಆಡಿದರು.

2016ರ ಏಪ್ರಿಲ್ 25ರಂದು ಎರಡನೇ ಸರ್ಕಿಟ್ 2–1 ಬಹುಮತದಿಂದ ಬರ್ಮನ್ ತೀರ್ಪನ್ನು ತಳ್ಳಿಹಾಕಿತು. ಕಮಿಷನರ್‌ಗೆ ಇಷ್ಟು ಅಧಿಕಾರ ಕೊಟ್ಟವರು ಆಟಗಾರರೇ, ಒಪ್ಪಂದಕ್ಕೆ ಸಹಿ ಹಾಕಿದ್ದಾರೆ, ನಾವು ಅದನ್ನು ತಿದ್ದಿ ಬರೆಯಲಾರೆವು ಎಂಬುದು ಬಹುಮತದ ನಿಲುವು. ಭಿನ್ನಮತ ಬರೆದ ಮುಖ್ಯ ನ್ಯಾಯಾಧೀಶ ರಾಬರ್ಟ್ ಕಾಟ್ಸ್‌ಮನ್ ಅವರಿಗೆ ಶಿಕ್ಷೆಯ ಪ್ರಮಾಣವೂ ಅದಕ್ಕೆ ಕೊಟ್ಟ ಕಾರಣಗಳೂ ಒಪ್ಪಿತವಾಗಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಎಂಟನೇ ಸರ್ಕಿಟ್ ಡಾಟಿ ಅವರ ಪೀಟರ್ಸನ್ ತೀರ್ಪನ್ನೂ ರದ್ದುಮಾಡಿತು. ಒಂದು ಊರಿನ ಕೆಳ ನ್ಯಾಯಾಲಯ ಆಟಗಾರರಿಗೆ ಅನುಕೂಲ, ಇನ್ನೊಂದು ಊರಿನದು ಲೀಗ್‌ಗೆ ಅನುಕೂಲ ಎಂಬ ಎರಡೂ ಕಡೆಯ ಎಣಿಕೆ ಒಂದೇ ವರ್ಷದಲ್ಲಿ ತಲೆಕೆಳಗಾಯಿತು. ಎರಡೂ ಮೇಲ್ಮನವಿ ನ್ಯಾಯಾಲಯಗಳು ಬಂದು ನಿಂತದ್ದು ಒಂದೇ ಕಡೆ, ಕಮಿಷನರ್ ಕಡೆ.

ಇಷ್ಟಾದರೂ ಓಟ ನಿಲ್ಲಲಿಲ್ಲ. 2017ರ ಆಗಸ್ಟ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಎಝಿಕಿಯಲ್ ಎಲಿಯಟ್‌ಗೆ ಕೌಟುಂಬಿಕ ಹಿಂಸೆಯ ಆರೋಪದ ಮೇಲೆ ಆರು ಪಂದ್ಯಗಳ ಅಮಾನತು ಆಯಿತು. ಅವರು ಆರೋಪವನ್ನು ನಿರಾಕರಿಸಿದ್ದರು, ಪ್ರಾಸಿಕ್ಯೂಟರ್‌ಗಳೂ ಮೊಕದ್ದಮೆ ಹೂಡಿರಲಿಲ್ಲ. ದೂರುದಾರರನ್ನು ಸಂದರ್ಶಿಸಿದ್ದ ಲೀಗ್‌ನ ತನಿಖಾಧಿಕಾರಿಗೇ ಸಾಕ್ಷ್ಯ ಸಾಲದು ಎನ್ನಿಸಿತ್ತು ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಈ ಸಲ ಸಂಘ ಹಿಂದೆ ಬೀಳಬಾರದೆಂದು ನಿಶ್ಚಯಿಸಿತ್ತು. ಮೇಲ್ಮನವಿ ಕೇಳಿದ ಹೆರಾಲ್ಡ್ ಹೆಂಡರ್ಸನ್ ತೀರ್ಪು ಕೊಡುವ ಮೊದಲೇ ಟೆಕ್ಸಸ್‌ನ ಶರ್ಮನ್ ಪಟ್ಟಣದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ತಂಡದ ಕಚೇರಿ ಇರುವ ಫ್ರಿಸ್ಕೊ ಆ ನ್ಯಾಯಾಲಯದ ವ್ಯಾಪ್ತಿಗೇ ಬರುತ್ತದೆ, ಆದ್ದರಿಂದ ಊರಿನ ಆಯ್ಕೆಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಹೆಂಡರ್ಸನ್ ಸೆಪ್ಟೆಂಬರ್ 5ರಂದು ಶಿಕ್ಷೆಯನ್ನು ಎತ್ತಿಹಿಡಿದರು. ಲೀಗ್ ಕೂಡಲೇ ಮತ್ತೆ ನ್ಯೂಯಾರ್ಕ್‌ನಲ್ಲಿ ಅರ್ಜಿ ಹಾಕಿತು. ಸೆಪ್ಟೆಂಬರ್ 8ರಂದು ಶರ್ಮನ್‌ನ ನ್ಯಾಯಾಧೀಶ ಏಮಸ್ ಮಝಾಂಟ್ ತಡೆಯಾಜ್ಞೆ ಕೊಟ್ಟರು, ಎಲಿಯಟ್ ಮೈದಾನಕ್ಕಿಳಿದರು.

ಸಂಘದ ಅವಸರವೇ ಅದಕ್ಕೆ ಮುಳುವಾಯಿತು. ಒಪ್ಪಂದದಲ್ಲಿ ಹೇಳಿದ ಮೇಲ್ಮನವಿ ಪೂರ್ಣಗೊಳ್ಳುವ ಮೊದಲೇ ಕೋರ್ಟಿಗೆ ಬಂದಿದ್ದೀರಿ, ಆದ್ದರಿಂದ ಈ ದಾವೆ ಕೇಳುವ ಅಧಿಕಾರವೇ ಶರ್ಮನ್ ನ್ಯಾಯಾಲಯಕ್ಕೆ ಇರಲಿಲ್ಲ ಎಂದು ಐದನೇ ಸರ್ಕಿಟ್ ಅಕ್ಟೋಬರ್ 12ರಂದು 2–1ರಿಂದ ಹೇಳಿತು. ಬ್ರೇಡಿ ಪ್ರಕರಣದಲ್ಲಿ ಒಂದು ದಿನ ತಡವಾಯಿತು, ಎಲಿಯಟ್ ಪ್ರಕರಣದಲ್ಲಿ ಕೆಲವೇ ದಿನ ಮೊದಲಾಯಿತು. ಕಡತ ನ್ಯೂಯಾರ್ಕ್‌ಗೆ ಬಂತು. ಅಲ್ಲಿ ಒಬ್ಬ ನ್ಯಾಯಾಧೀಶರು ತಾತ್ಕಾಲಿಕ ತಡೆ ಕೊಟ್ಟರು, ಇನ್ನೊಬ್ಬರು ಅದನ್ನು ಮುಂದುವರಿಸಲು ಒಪ್ಪಲಿಲ್ಲ, ಮೇಲ್ಮನವಿ ನ್ಯಾಯಾಲಯ ಕೆಲವು ದಿನ ತಡೆಹಿಡಿದು ಕೊನೆಗೆ ಕೈಬಿಟ್ಟಿತು. ನವೆಂಬರ್ 15ರಂದು ಎಲಿಯಟ್ ಹೋರಾಟ ನಿಲ್ಲಿಸಿ ಆರು ಪಂದ್ಯಗಳ ಶಿಕ್ಷೆ ಮುಗಿಸಿದರು. ಅವರು ಹೊರಗುಳಿದದ್ದು ಆರಂಭದ ಆರು ಪಂದ್ಯಗಳಿಗಲ್ಲ, ತಂಡಕ್ಕೆ ಹೆಚ್ಚು ಬೇಕಾಗಿದ್ದ ದ್ವಿತೀಯಾರ್ಧದ ಆರು ಪಂದ್ಯಗಳಿಗೆ.

ಊರಿನ ಜಗಳದಿಂದ ಯಾರಿಗೆ ಏನು ಸಿಕ್ಕಿತು? ಮುಖ್ಯವಾಗಿ ಕಾಲಾವಕಾಶ. ಅದಕ್ಕೆ ದುಡ್ಡಿನ ಬೆಲೆಯೂ ಇದೆ. ಅಮಾನತಿನ ವಾರಗಳಿಗೆ ಸಂಬಳವಿಲ್ಲ. ವ್ಯಾಜ್ಯ ನಡೆಯುತ್ತಿದ್ದಾಗ 2016ರ ಮಾರ್ಚ್‌ನಲ್ಲಿ ಬ್ರೇಡಿ ತಂಡದೊಂದಿಗೆ ಹೊಸ ಒಪ್ಪಂದ ಮಾಡಿಕೊಂಡು, ಆ ವರ್ಷದ ಮೂಲ ಸಂಬಳವನ್ನು 90 ಲಕ್ಷ ಡಾಲರ್‌ನಿಂದ 10 ಲಕ್ಷಕ್ಕೆ ಇಳಿಸಿಕೊಂಡರು. ಉಳಿದದ್ದು ಬೇರೆ ರೂಪದಲ್ಲಿ ಬಂತು. ಕೊನೆಗೆ ನಾಲ್ಕು ಪಂದ್ಯ ಕೂತಾಗ ಅವರು ಕಳೆದುಕೊಂಡದ್ದು ಸುಮಾರು 2.35 ಲಕ್ಷ ಡಾಲರ್. ಹಳೆಯ ಸಂಬಳದ ಲೆಕ್ಕದಲ್ಲಿ ಅದು 21 ಲಕ್ಷ ದಾಟುತ್ತಿತ್ತು. ಆದರೆ ಒಳ್ಳೆಯ ವಕೀಲರು, ಬಲವಾದ ಸಂಘ, ಹೊಂದಿಕೊಳ್ಳುವ ಮಾಲೀಕರು ಎಲ್ಲ ಆಟಗಾರರಿಗೂ ಇರುವುದಿಲ್ಲ.

ಆಟಗಾರ ಯಾವ ರಾಜ್ಯದಲ್ಲಿ ಆಡುತ್ತಾನೆ ಎಂಬುದೇ ನಿರ್ಣಾಯಕವಾದ ಪ್ರಕರಣವೂ ಉಂಟು. ಸ್ಟಾರ್‌ಕ್ಯಾಪ್ಸ್ ಎಂಬ ತೂಕ ಇಳಿಸುವ ಮಾತ್ರೆಯಲ್ಲಿ, ಹೊದಿಕೆಯ ಮೇಲೆ ಹೆಸರೇ ಇಲ್ಲದ ಬ್ಯುಮೆಟನೈಡ್ ಎಂಬ ನಿಷೇಧಿತ ಔಷಧ ಸೇರಿತ್ತು. 2008ರಲ್ಲಿ ಮಿನೆಸೋಟ ಮತ್ತು ನ್ಯೂ ಓರ್ಲಿಯನ್ಸ್ ತಂಡಗಳ ಕೆಲವರು ಇದರಿಂದ ಸಿಕ್ಕಿಬಿದ್ದರು. ಮಿನೆಸೋಟದ ಕೆವಿನ್ ವಿಲಿಯಮ್ಸ್ ಮತ್ತು ಪ್ಯಾಟ್ ವಿಲಿಯಮ್ಸ್ ತಮ್ಮ ರಾಜ್ಯದ ಕಾನೂನಿನ ಮೊರೆಹೋದರು. ಕೆಲಸದ ಸ್ಥಳದಲ್ಲಿ ಮದ್ದು ಪರೀಕ್ಷೆ ಹೇಗೆ ನಡೆಯಬೇಕೆಂದು ಹೇಳುವ ಆ ಕಾನೂನು ಅಲ್ಲಿನ ಎಲ್ಲ ನೌಕರರಿಗೂ ಅನ್ವಯಿಸುತ್ತದೆ. ರಾಷ್ಟ್ರೀಯ ಒಪ್ಪಂದ ಅದನ್ನು ಮೀರಲಾಗದು ಎಂದು 2009ರಲ್ಲಿ ಎಂಟನೇ ಸರ್ಕಿಟ್ ಹೇಳಿತು. ವ್ಯಾಜ್ಯ ನಡೆಯುವಷ್ಟು ಕಾಲ ಇಬ್ಬರೂ ಆಡುತ್ತಲೇ ಇದ್ದರು. ಲೂಯಿಸಿಯಾನಾದಲ್ಲಿ ಆಡುವವರಿಗೆ ಆ ಕಾನೂನಿನ ಆಸರೆ ಇರಲಿಲ್ಲ. ಮಾತ್ರೆ ಒಂದೇ, ಪರೀಕ್ಷೆ ಒಂದೇ, ಶಿಕ್ಷೆ ಒಂದೇ. ರಕ್ಷಣೆ ಮಾತ್ರ ರಾಜ್ಯದ ಗಡಿಯ ಪ್ರಕಾರ.

ಅಮೆರಿಕದಾಚೆಗೆ ಈ ಪ್ರಶ್ನೆ ಬೇರೆ ರೂಪ ಪಡೆಯುತ್ತದೆ. ಅಂತಾರಾಷ್ಟ್ರೀಯ ಕ್ರೀಡೆಯ ಶಿಸ್ತು ವ್ಯಾಜ್ಯಗಳು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋಗುತ್ತವೆ. ವಿಚಾರಣೆ ಪ್ಯಾರಿಸ್‌ನಲ್ಲೇ ನಡೆಯಲಿ, ಟೋಕಿಯೊದಲ್ಲೇ ನಡೆಯಲಿ, ಕಾನೂನಿನ ಕಣ್ಣಿಗೆ ಅದು ಲೊಸಾನ್‌ನಲ್ಲೇ ನಡೆದಂತೆ. ಪ್ರಶ್ನಿಸಬೇಕಾದರೆ ಸ್ವಿಸ್ ಸುಪ್ರೀಂ ಕೋರ್ಟಿಗೇ ಹೋಗಬೇಕು. ಕೋರ್ಟಿಗೆ ಓಡುವ ಸ್ಪರ್ಧೆ ಇಲ್ಲಿಲ್ಲ. ಆದರೆ ಆಟಗಾರನಿಗೆ ಆಯ್ಕೆಯೂ ಇಲ್ಲ. 2009ರಲ್ಲಿ ಎರಡು ವರ್ಷ ನಿಷೇಧಕ್ಕೊಳಗಾದ ಜರ್ಮನಿಯ ಸ್ಪೀಡ್ ಸ್ಕೇಟರ್ ಕ್ಲೌಡಿಯಾ ಪೆಷ್‌ಸ್ಟೈನ್ ಇದನ್ನು ಪಟ್ಟುಹಿಡಿದು ಪ್ರಶ್ನಿಸಿದರು. ಸ್ಪರ್ಧಿಸಬೇಕಾದರೆ ಸಹಿ ಹಾಕಲೇಬೇಕೆಂಬ ಕರಾರು ಒಪ್ಪಿಗೆಯೇ ಅಲ್ಲ ಎಂದು ಮ್ಯೂನಿಕ್‌ನಲ್ಲಿ ವಾದಿಸಿದರು. ಬಹಿರಂಗ ವಿಚಾರಣೆ ನಿರಾಕರಿಸಿದ್ದು ತಪ್ಪು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2018ರಲ್ಲಿ ಹೇಳಿತು. 2022ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವೂ ಅವರ ದೂರನ್ನು ಮಾನ್ಯ ಮಾಡಿ, ತವರಿನ ಕೋರ್ಟಿನ ಬಾಗಿಲು ಮತ್ತೆ ತೆರೆಯಿತು.

ನಮ್ಮಲ್ಲೂ ಆಟಗಾರರು ತವರಿನ ಹೈಕೋರ್ಟನ್ನೇ ನಂಬಿದ್ದಾರೆ. ಭಾರತೀಯ ಕ್ರಿಕೆಟ್ ಮಂಡಳಿಯ ಕೇಂದ್ರ ಕಚೇರಿ ಮುಂಬೈಯಲ್ಲಿದೆ. 2000ದಲ್ಲಿ ಆಜೀವ ನಿಷೇಧಕ್ಕೊಳಗಾದ ಮೊಹಮ್ಮದ್ ಅಜರುದ್ದೀನ್ ನ್ಯಾಯ ಪಡೆದದ್ದು ಹೈದರಾಬಾದಿನಲ್ಲಿ. ನಿಷೇಧ ಕಾನೂನುಬದ್ಧವಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟ್ 2012ರಲ್ಲಿ ಹೇಳಿತು. ನಿಷೇಧಕ್ಕೊಳಗಾದ ಇನ್ನೊಬ್ಬ ಕ್ರಿಕೆಟಿಗ ಶ್ರೀಶಾಂತ್ ಹೋದದ್ದು ಕೇರಳ ಹೈಕೋರ್ಟಿಗೆ. ಏಕಸದಸ್ಯ ಪೀಠ 2017ರ ಆಗಸ್ಟ್‌ನಲ್ಲಿ ಅವರ ನಿಷೇಧ ತೆಗೆಯಿತು, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಮತ್ತೆ ಹೇರಿತು, 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸಲು ಹೇಳಿತು. ಶ್ರೀಶಾಂತ್ ಹೀಗೆ ತವರಿನ ಹೈಕೋರ್ಟಿಗೆ ಹೋಗುವುದು ಸಾಧ್ಯವಾದದ್ದು ಸಂವಿಧಾನದ 226ನೇ ವಿಧಿಯಿಂದ. ದೆಹಲಿಯಲ್ಲಿರುವ ಚುನಾವಣಾ ಆಯೋಗಕ್ಕೆ ಮದ್ರಾಸ್ ಹೈಕೋರ್ಟ್ ರಿಟ್ ಕೊಡಲಾಗದು ಎಂದು 1953ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಜನಸಾಮಾನ್ಯರು ದೂರದ ಊರಿಗೆ ಅಲೆಯುವಂತಾಯಿತು. ವ್ಯಾಜ್ಯದ ಕಾರಣ ಭಾಗಶಃ ತನ್ನ ವ್ಯಾಪ್ತಿಯಲ್ಲಿ ಹುಟ್ಟಿದ್ದರೂ ಹೈಕೋರ್ಟ್ ಕೇಳಬಹುದೆಂದು 1963ರ ಹದಿನೈದನೇ ತಿದ್ದುಪಡಿ ಅದನ್ನು ಸರಿಪಡಿಸಿತು. ಬಲಿಷ್ಠ ಸಂಸ್ಥೆಯ ಎದುರು ನಿಂತವನಿಗೆ ಹತ್ತಿರದ ಕೋರ್ಟು ಸಿಗುವುದು ಸಣ್ಣ ವಿಷಯವಲ್ಲ ಎಂದು ನಮ್ಮ ಸಂಸತ್ತು ಅಂದೇ ಕಂಡುಕೊಂಡಿತ್ತು.

ಆದರೆ ಫುಟ್‌ಬಾಲ್ ಲೀಗ್‌ನ ಈ ದೀರ್ಘ ಇತಿಹಾಸ ಓದಿದಾಗ ಸ್ಪಷ್ಟವಾಗುವುದು ಇನ್ನೊಂದು ಸಂಗತಿ. ರೋಗ ಊರಿನ ಆಯ್ಕೆಯಲ್ಲಿಲ್ಲ, ಮೊದಲ ಮೇಲ್ಮನವಿಯ ಪೀಠದಲ್ಲಿದೆ. ಆಗಿನ ಒಪ್ಪಂದದ 46ನೇ ವಿಧಿಯ ಪ್ರಕಾರ ಶಿಕ್ಷೆ ವಿಧಿಸುತ್ತಿದ್ದವರು ಕಮಿಷನರ್, ಮೇಲ್ಮನವಿ ಕೇಳುತ್ತಿದ್ದವರು ಅವರೇ ಅಥವಾ ಅವರು ಆರಿಸಿದವರು. ಎಲಿಯಟ್ ಮತ್ತು ಪೀಟರ್ಸನ್ ಇಬ್ಬರ ಮೇಲ್ಮನವಿಯನ್ನೂ ಕೇಳಿದ ಹೆಂಡರ್ಸನ್ ಹಿಂದೆ ಲೀಗ್‌ನಲ್ಲೇ ಉನ್ನತ ಹುದ್ದೆಯಲ್ಲಿದ್ದವರು. ಅಲ್ಲಿ ನಿಷ್ಪಕ್ಷಪಾತ ಕಿವಿ ಸಿಗದು ಎಂದುಕೊಂಡ ಆಟಗಾರ, ಸಿಕ್ಕೀತು ಎನ್ನುವ ಊರನ್ನು ಹುಡುಕುತ್ತಾನೆ. ನ್ಯಾಯಾಲಯಗಳೋ ಮಧ್ಯಸ್ಥಿಕೆ ತೀರ್ಪಿನ ಸರಿತಪ್ಪು ನೋಡುವುದಿಲ್ಲ. ಮಧ್ಯಸ್ಥಗಾರ ಸತ್ಯಾಂಶಗಳಲ್ಲಿ ಎಡವಿದ್ದರೂ ತೀರ್ಪು ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಬೇಸ್‌ಬಾಲ್ ಆಟಗಾರ ಸ್ಟೀವ್ ಗಾರ್ವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಅದೇ ಬೇಸ್‌ಬಾಲ್‌ನಲ್ಲಿ ಈ ಬಗೆಯ ಶಿಕ್ಷೆಗಳ ಮೇಲ್ಮನವಿ ಎರಡೂ ಕಡೆ ಒಪ್ಪಿದ ಸ್ವತಂತ್ರ ಮಧ್ಯಸ್ಥಗಾರನ ಮುಂದೆ ಹೋಗುತ್ತದೆ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅಲೆಕ್ಸ್ ರಾಡ್ರಿಗಸ್‌ಗೆ 2013ರಲ್ಲಿ ವಿಧಿಸಿದ 211 ಪಂದ್ಯಗಳ ಅಮಾನತನ್ನು ಮಧ್ಯಸ್ಥಗಾರ ಫ್ರೆಡರಿಕ್ ಹೊರೊವಿಟ್ಸ್ 162ಕ್ಕೆ ಇಳಿಸಿದರು. ರಾಡ್ರಿಗಸ್ ಫೆಡರಲ್ ನ್ಯಾಯಾಲಯಕ್ಕೆ ಹೋದರೂ ಒಂದು ತಿಂಗಳೊಳಗೆ ಅರ್ಜಿ ಹಿಂಪಡೆದರು.

ಫುಟ್‌ಬಾಲ್ ಲೀಗ್ 2020ರ ಒಪ್ಪಂದದಲ್ಲಿ ಅರ್ಧ ಹೆಜ್ಜೆ ಇಟ್ಟಿತು. ವೈಯಕ್ತಿಕ ನಡತೆಯ ಪ್ರಕರಣಗಳಲ್ಲಿ ಮೊದಲ ಹಂತದ ನಿರ್ಧಾರ ಈಗ ಎರಡೂ ಕಡೆ ಸೇರಿ ನೇಮಿಸಿದ ಶಿಸ್ತು ಅಧಿಕಾರಿಯದು. 2022ರಲ್ಲಿ ಡೆಷಾನ್ ವಾಟ್ಸನ್ ಪ್ರಕರಣದಲ್ಲಿ ನಿವೃತ್ತ ನ್ಯಾಯಾಧೀಶೆ ಸೂ ರಾಬಿನ್ಸನ್ ಆರು ಪಂದ್ಯಗಳ ಅಮಾನತು ಎಂದರು. ಲೀಗ್ ಮೇಲ್ಮನವಿ ಹಾಕಿತು. ಕೇಳಬೇಕಾದವರು ಮತ್ತೆ ಕಮಿಷನರ್ ಆರಿಸಿದ ವ್ಯಕ್ತಿ. ಕೊನೆಗೆ 11 ಪಂದ್ಯ ಮತ್ತು 50 ಲಕ್ಷ ಡಾಲರ್ ದಂಡಕ್ಕೆ ರಾಜಿಯಾಯಿತು. ವಾಟ್ಸನ್ ಮೇಲಿನ ಆರೋಪಗಳು ಗಂಭೀರವಾಗಿದ್ದವು, ಹೆಚ್ಚಿನ ಶಿಕ್ಷೆ ಸರಿಯೆಂದು ಅನೇಕರಿಗೆ ಅನ್ನಿಸಿತು. ಹಾಗಿದ್ದರೂ ಆ ಹೆಚ್ಚಳವನ್ನು ಸ್ವತಂತ್ರ ಪೀಠವೊಂದು ಮಾಡಿದ್ದರೆ ದೂರಿದವರಿಗೂ ದೂರಿಗೊಳಗಾದವನಿಗೂ ಅದರ ಮೇಲೆ ಹೆಚ್ಚು ವಿಶ್ವಾಸ ಇರುತ್ತಿತ್ತು.

2025ರ ಆಗಸ್ಟ್‌ನಲ್ಲಿ ಎರಡನೇ ಸರ್ಕಿಟ್ ಒಂದು ಮಹತ್ವದ ಮಾತು ಹೇಳಿದೆ. ಜನಾಂಗೀಯ ತಾರತಮ್ಯದ ದೂರು ಕೊಟ್ಟಿರುವ ಕೋಚ್ ಬ್ರಯನ್ ಫ್ಲೋರಿಸ್ ಅವರ ವ್ಯಾಜ್ಯವನ್ನು ಕಮಿಷನರ್ ಮುಂದಿನ ಮಧ್ಯಸ್ಥಿಕೆಗೆ ಒಪ್ಪಿಸಬೇಕೆಂದು ಲೀಗ್ ಕೇಳಿತ್ತು. ಎದುರು ಪಕ್ಷದ ಮುಖ್ಯಸ್ಥನೇ ಮಧ್ಯಸ್ಥಗಾರನಾಗಿ, ವಿಧಾನವನ್ನೂ ತಾನೇ ತೀರ್ಮಾನಿಸುವ ಆ ವ್ಯವಸ್ಥೆಯನ್ನು ಫೆಡರಲ್ ಮಧ್ಯಸ್ಥಿಕೆ ಕಾಯ್ದೆ ರಕ್ಷಿಸುವ ಮಧ್ಯಸ್ಥಿಕೆ ಎನ್ನಲಾಗದು ಎಂದು ಪೀಠ ನಿರಾಕರಿಸಿತು. ಬ್ರೇಡಿಗೆ ಇಲ್ಲ ಎಂದಿದ್ದ ನ್ಯಾಯಾಲಯವೇ ಇದು. ವ್ಯತ್ಯಾಸವೆಂದರೆ, ಕೋಚ್‌ಗಳ ಪರವಾಗಿ ಯಾವ ಸಂಘವೂ ಅಂಥ ಅಧಿಕಾರವನ್ನು ಚೌಕಾಸಿ ಮಾಡಿ ಬಿಟ್ಟುಕೊಟ್ಟಿರಲಿಲ್ಲ.

ಆಟಗಾರರ ಸಂಘ ಬಿಟ್ಟುಕೊಟ್ಟಿದೆ, ಆದ್ದರಿಂದ ಮರಳಿ ಪಡೆಯಬೇಕಾದದ್ದೂ ಸಂಘವೇ. ಈಗಿನ ಒಪ್ಪಂದ 2030ರ ಋತುವಿನವರೆಗೆ ನಡೆಯುತ್ತದೆ. ಮುಂದಿನ ಮಾತುಕತೆಯಲ್ಲಿ ಸಂಬಳದ ಪಾಲು, ಪಂದ್ಯಗಳ ಸಂಖ್ಯೆ ಎಂಬ ದೊಡ್ಡ ವಿಷಯಗಳ ನಡುವೆ 46ನೇ ವಿಧಿಯನ್ನು ಸಂಘ ಮತ್ತೆ ಹಿಂದಕ್ಕೆ ತಳ್ಳಬಾರದು. ಕಮಿಷನರ್‌ನ ಮೇಲ್ಮನವಿ ಅಧಿಕಾರ ಎರಡೂ ಕಡೆ ಒಪ್ಪಿದ ಮಧ್ಯಸ್ಥರ ಪೀಠಕ್ಕೆ ಹೋಗಲಿ. ಅದರ ತೀರ್ಪನ್ನು ಪ್ರಶ್ನಿಸುವುದಿದ್ದರೆ ಆಟಗಾರನ ತಂಡ ಇರುವ ಜಿಲ್ಲೆಯ ನ್ಯಾಯಾಲಯದಲ್ಲಿ ಎಂದು ಒಂದೇ ಸಾಲಿನಲ್ಲಿ ಬರೆದಿಡಲಿ. ಅಷ್ಟು ಮಾಡಿದರೆ ಮ್ಯಾಸಚೂಸೆಟ್ಸ್‌ನ ಆಟಗಾರನ ಪರ ವಕೀಲರು ಮಿನೆಸೋಟಕ್ಕೂ, ಲೀಗ್‌ನ ವಕೀಲರು ತೀರ್ಪು ಬಂದ ದಿನವೇ ಮ್ಯಾನ್‌ಹಟನ್‌ಗೂ ಓಡಬೇಕಾದ ಕಾರಣ ಉಳಿಯುವುದಿಲ್ಲ.